ಪ್ರಣಯಕಾದಂಬರಿಯ ಹಸ್ತಪ್ರತಿ: ಚಿಕ್ಕೋಡಿ–ಅಥಣಿ ಸೀಮೆಯ ಲೇಖಕರ ದೃಷ್ಟಿಯಿಂದ

ಕನ್ನಡದಲ್ಲಿ ದೀರ್ಘವಾದ ಗದ್ಯಕಥನಕ್ಕೆ ನಾವು ಕೊಟ್ಟಿರುವ 'ಕಾದಂಬರಿ' ಎಂಬ ಹೆಸರು ಮೂಲತಃ ಒಬ್ಬ ಪ್ರಣಯಿನಿಯ ಹೆಸರು. ಏಳನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಿಕೆ ಆಕೆ. ಬಾಣನಿಂದ ಅಪೂರ್ಣವಾಗಿ ಉಳಿದ ಆ ಕೃತಿಯನ್ನು ಅವನ ಮಗನು ಬರೆದು ಪೂರ್ತಿಗೊಳಿಸಿದನು. ಮುಂದೆ ಒಂದನೆಯ ನಾಗವರ್ಮನು ಅದನ್ನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಮರಾಠಿಯಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೆ ಇದೇ ಹೆಸರು. ಎರಡು ಭಾಷೆಗಳೂ ಒಂದೇ ಸಂತೆಯಲ್ಲಿ ಕೇಳಿಬರುವ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕನಿಗೆ ಈ ಶಬ್ದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ವಂಶಾವಳಿಯುಳ್ಳ ಪ್ರಕಾರವಾದರೂ ಪ್ರಣಯಕಾದಂಬರಿಯೆಂದರೆ ನಮ್ಮ ಕಾಲೇಜುಗಳಲ್ಲಿ ಮೂಗು ಮುರಿಯುವವರೇ ಹೆಚ್ಚು. ಅದನ್ನು ಓದುವವರೂ ಅಷ್ಟೇ ಹೆಚ್ಚು ಎಂಬುದು ಗ್ರಂಥಾಲಯದ ಪುಸ್ತಕಗಳ ಸವೆದ ರಟ್ಟುಗಳನ್ನು ನೋಡಿದವರಿಗೆ ತಿಳಿದ ಸಂಗತಿಯೇ.

ಇತಿಹಾಸದ ಅಧ್ಯಾಪಕರಾದ ನಮಗೆ ಈ ವಿಷಯದಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ನಮ್ಮ ವಿದ್ಯಾರ್ಥಿಗಳಲ್ಲಿಯೂ ಕಿರಿಯ ಸಹೋದ್ಯೋಗಿಗಳಲ್ಲಿಯೂ ಕಾದಂಬರಿಯನ್ನು ಬರೆದಿಟ್ಟುಕೊಂಡವರು ಇದ್ದಾರೆ. ಪ್ರಕಾಶಕರಿಗೆ ಕಳಿಸುವ ಮುನ್ನ ಒಮ್ಮೆ ನೋಡಿರೆಂದು ಅವರು ಹಸ್ತಪ್ರತಿಯನ್ನು ತಂದುಕೊಡುವುದುಂಟು. ಹಾಗೆ ಓದಿದ ಹಲವು ಹಸ್ತಪ್ರತಿಗಳಲ್ಲಿ ಒಂದು ಕೊರತೆ ನಮಗೆ ಮತ್ತೆ ಮತ್ತೆ ಕಂಡುಬಂದಿದೆ. ಲೇಖಕಿಯು ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ಆಕೆಯ ನಾಯಿಕೆಯಾದರೋ ಹೆಸರಿಲ್ಲದ ಒಂದು ಪಟ್ಟಣದಲ್ಲಿ, ಇಸವಿಯಿಲ್ಲದ ಒಂದು ಕಾಲದಲ್ಲಿ, ಯಾರ ಮನೆಯ ಮಾತೂ ಅಲ್ಲದ ಒಂದು ಭಾಷೆಯಲ್ಲಿ ಪ್ರೀತಿಸುತ್ತಾಳೆ. ಕೇಳಿದರೆ, ನಮ್ಮೂರಿನ ಸಂಗತಿಗಳು ಬೆಂಗಳೂರು ಮೈಸೂರುಗಳ ವಾಚಕರಿಗೆ ತಿಳಿಯಲಾರವು, ಪ್ರಕಾಶಕರು ಹಿಂದಿರುಗಿಸಿಯಾರು ಎಂಬ ಉತ್ತರ ಬರುತ್ತದೆ. ಈ ಭಯಕ್ಕೆ ಆಧಾರವಿಲ್ಲವೆಂದೂ, ಹಸ್ತಪ್ರತಿಯನ್ನು ಸಿದ್ಧಗೊಳಿಸುವ ಕೆಲಸವು ಕಥೆಗೆ ಊರನ್ನೂ ಇಸವಿಯನ್ನೂ ಕೊಡುವುದರಿಂದಲೇ ಪ್ರಾರಂಭವಾಗುತ್ತದೆಂದೂ ನಾವು ತಿಳಿದಿದ್ದೇವೆ. ಕಾಗದ, ಅಂಚು, ಪುಟಸಂಖ್ಯೆಗಳ ಮಾತು ಅನಂತರದ್ದು.

ಆಧಾರವಿಲ್ಲವೆನ್ನುವುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಈಗಿನ ಕಾಗವಾಡ ತಾಲೂಕಿನ ಶೇಡಬಾಳದಲ್ಲಿ 1918ರಲ್ಲಿ ಜನಿಸಿದ ಮಿರ್ಜಿ ಅಣ್ಣಾರಾಯರು ವೃತ್ತಿಯಿಂದ ಶಿಕ್ಷಕರಾಗಿದ್ದರು. ಅವರ 'ನಿಸರ್ಗ' ಕಾದಂಬರಿಯು 1945ರಲ್ಲಿ ಪ್ರಕಟವಾಯಿತು. ಈ ಭಾಗದ ಹಳ್ಳಿಗಳ ಜೈನ ಮನೆತನಗಳ ಬಾಳು, ಆ ಬಾಳಿನಲ್ಲಿ ಮನುಷ್ಯನ ಸಹಜವಾದ ಒಲವಿಗೂ ಸಮಾಜದ ಕಟ್ಟಳೆಗೂ ನಡೆಯುವ ತಿಕ್ಕಾಟ, ಇವು ಅದರ ವಸ್ತು. ಆಗ ಈ ಪ್ರದೇಶ ಮುಂಬಯಿ ಪ್ರಾಂತ ಹಾಗೂ ದೇಶೀಯ ಸಂಸ್ಥಾನಗಳ ನಡುವೆ ಹಂಚಿಹೋಗಿತ್ತು. ಏಕೀಕರಣಕ್ಕೆ ಇನ್ನೂ ಹನ್ನೊಂದು ವರ್ಷ ಬಾಕಿಯಿತ್ತು. ಮೈಸೂರಿನ ವಾಚಕನಿಗೆ ಶೇಡಬಾಳದ ಜೈನ ಒಕ್ಕಲುಮನೆ ಎಷ್ಟು ದೂರದ್ದಾಗಿದ್ದಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಆದರೂ ಆ ಕಾದಂಬರಿಗೆ ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು ಅದು ಬೇರೆ ಯಾವ ಊರಿನಲ್ಲಿಯೂ ನಡೆಯಲಾರದ ಕಥೆಯಾದುದರಿಂದಲೇ. ಅಣ್ಣಾರಾಯರು 1975ರಲ್ಲಿ ನಿಧನ ಹೊಂದಿದರು. ನಮ್ಮ ವಿದ್ಯಾರ್ಥಿಗಳಲ್ಲಿ ಅವರ ಹೆಸರನ್ನು ಕೇಳಿದವರು ವಿರಳವೆಂಬುದು ವಿಷಾದದ ಸಂಗತಿ.

ಈ ಸೀಮೆಯ ಪ್ರಣಯಕಥನದ ಅಭಿರುಚಿಗೆ ಇನ್ನೊಂದು ಮೂಲವೂ ಉಂಟು. ಅದು ನೆರೆಯ ಕೊಲ್ಹಾಪುರ. ಮರಾಠಿ ಪ್ರಣಯಕಾದಂಬರಿಯ ಪ್ರಸಿದ್ಧ ಲೇಖಕರಾದ ನಾ. ಸೀ. ಫಡಕೆಯವರು ಅಲ್ಲಿನ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಕಥನಕಲೆಯನ್ನು ಕುರಿತ ಅವರ 'ಪ್ರತಿಭಾಸಾಧನ' 1931ರಲ್ಲಿ ಹೊರಬಂದಿತು. ಮುಂದೆ 'ಯಯಾತಿ'ಗಾಗಿ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ವಿ. ಸ. ಖಾಂಡೇಕರರೂ ಕೊಲ್ಹಾಪುರದಲ್ಲಿಯೇ ನೆಲೆಸಿದರು. ಕಲೆ ಕಲೆಗಾಗಿಯೋ ಜೀವನಕ್ಕಾಗಿಯೋ ಎಂದು ಇವರಿಬ್ಬರ ಹೆಸರಿನಲ್ಲಿ ನಡೆದ ವಾದ ಮರಾಠಿಯಲ್ಲಿ ಬಹುಕಾಲ ಮೊಳಗಿತು. ಕನ್ನಡದ ಕಡೆಗೆ ನೋಡಿದರೆ, ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿ ವಾಚಕವರ್ಗವನ್ನು ಬೆಳೆಸಿದ್ದು ಇದಕ್ಕೂ ಹಿಂದಿನ ಮಾತು. ಹೀಗೆ ಎರಡು ಭಾಷೆಗಳ ಓದು ಈ ಭಾಗದ ಲೇಖಕನಿಗೆ ಹುಟ್ಟಿನಿಂದ ಬಂದ ಆಸ್ತಿ. ಆತನು ಅದನ್ನು ಹಸ್ತಪ್ರತಿಯಲ್ಲಿ ಅಡಗಿಸಿಡಲು ಹೆಣಗುವುದು ನಮಗೆ ಅರ್ಥವಾಗದ ಸಂಗತಿ.

ಈಗ ಇಸವಿಯ ಮಾತು. ಪ್ರಣಯಕಥೆಯ ಜೀವಾಳವಿರುವುದು ಅಡ್ಡಿಯಲ್ಲಿ. ಒಲಿದವರಿಬ್ಬರು ಒಂದಾಗಲು ಏನೂ ಅಡ್ಡಿಯಿಲ್ಲದಿದ್ದರೆ ಕಥೆ ಎರಡನೆಯ ಅಧ್ಯಾಯದಲ್ಲಿಯೇ ಮುಗಿಯಬೇಕು. ಆ ಅಡ್ಡಿಯು ಕಾಯಿದೆ, ಕಟ್ಟಳೆ, ಹಣ, ದೂರ, ವಯಸ್ಸು, ಇವುಗಳಲ್ಲಿ ಯಾವುದೇ ಆಗಿರಲಿ, ಪ್ರತಿಯೊಂದಕ್ಕೂ ಒಂದು ಚರಿತ್ರೆಯಿದೆ. 1925ರಲ್ಲಿ ದಾಟಲಾಗದ ಗೋಡೆ 1960ರಲ್ಲಿ ಹೊಸ್ತಿಲಷ್ಟು ತಗ್ಗಿರಬಹುದು. ಆದುದರಿಂದ ಹಸ್ತಪ್ರತಿಯ ಜೊತೆಗೆ, ಪ್ರಕಾಶಕರಿಗೆ ಕಳಿಸಲಿಕ್ಕಲ್ಲದೆ ತನ್ನ ಉಪಯೋಗಕ್ಕೆಂದೇ, ಲೇಖಕನು ಒಂದು ಕಾಲಪಟ್ಟಿಯನ್ನು ಮಾಡಿಕೊಳ್ಳಬೇಕು. ಪ್ರತಿ ಅಧ್ಯಾಯದ ಎದುರಿಗೆ ಇಸವಿ, ತಿಂಗಳು, ಪಾತ್ರಗಳ ಆಗಿನ ವಯಸ್ಸು, ನಡೆದ ಊರು, ಇಷ್ಟನ್ನು ಬರೆದರೆ ಸಾಕು. ಈ ಪಟ್ಟಿಯನ್ನು ಮಾಡಿದ ದಿನವೇ ಅರ್ಧದಷ್ಟು ತಪ್ಪುಗಳು ತಾವಾಗಿ ಎದ್ದುಬರುತ್ತವೆ.

ಕಾಯಿದೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸ್ವಾತಂತ್ರ್ಯಪೂರ್ವದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದುವು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು; ಆ ಸಂಸ್ಥಾನವು 1949ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಮುಂಬಯಿ ಪ್ರಾಂತದಲ್ಲಿ ಹಿಂದೂಗಳ ದ್ವಿಪತ್ನೀತ್ವವನ್ನು ತಡೆಯುವ ಕಾಯಿದೆ 1946ರಲ್ಲಿ ಬಂದಿತು. ವಿಚ್ಛೇದನದ ಕಾಯಿದೆ 1947ರಲ್ಲಿ ಬಂದಿತು. ಪ್ರಾಂತದ ಕಾಯಿದೆಯು ಸಂಸ್ಥಾನದ ಪ್ರಜೆಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಅದೇ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಿಂದ 1919ರ ಅವಧಿಯಲ್ಲಿ ವಿಧವಾ ಪುನರ್ವಿವಾಹಕ್ಕೂ ಅಂತರ್ಜಾತೀಯ ವಿವಾಹಕ್ಕೂ ಅನುಕೂಲವಾದ ಕಾನೂನುಗಳನ್ನು ಮಾಡಿದ್ದರು. ಎಂದರೆ, ಕೆಲವೇ ಹರದಾರಿಗಳ ಅಂತರದಲ್ಲಿರುವ ಎರಡು ಊರುಗಳ ಪ್ರಣಯಿಗಳು ಎರಡು ಬೇರೆ ಆಳ್ವಿಕೆಗಳ ಕೆಳಗೆ ಇದ್ದರು. ಚಿಕ್ಕೋಡಿಯ ವರ, ರಾಯಬಾಗದ ಕನ್ಯೆ ಎಂದು ಬರೆದ ಲೇಖಕನಿಗೆ ಇದಕ್ಕಿಂತ ಒಳ್ಳೆಯ ಕಥಾಬೀಜವನ್ನು ಯಾರು ಕೊಟ್ಟಾರು? ಊರಿನ ಹೆಸರನ್ನು ಅಳಿಸಿದವನು ಈ ಬೀಜವನ್ನೂ ಕಳೆದುಕೊಳ್ಳುತ್ತಾನೆ.

ವಯಸ್ಸಿನ ವಿಚಾರವೂ ಹೀಗೆಯೇ. ಬಾಲ್ಯವಿವಾಹವನ್ನು ನಿರ್ಬಂಧಿಸುವ 1929ರ ಕಾಯಿದೆ 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಕನ್ಯೆಗೆ 14, ವರನಿಗೆ 18 ವರ್ಷಗಳ ಮಿತಿಯಿತ್ತು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅದು 15 ಮತ್ತು 18 ಆಯಿತು. 1978ರ ತಿದ್ದುಪಡಿಯಿಂದ 18 ಮತ್ತು 21 ಆಯಿತು. ಜೈನರಿಗೂ ಲಿಂಗಾಯತರಿಗೂ 1955ರ ಕಾಯಿದೆ ಅನ್ವಯಿಸುತ್ತದೆ. ಸಪಿಂಡ ಸಂಬಂಧವನ್ನು ಅದು ನಿಷೇಧಿಸಿದರೂ ರೂಢಿಯಿದ್ದಲ್ಲಿ ವಿನಾಯಿತಿ ಕೊಟ್ಟಿರುವುದರಿಂದ ನಮ್ಮ ಸೋದರಸಂಬಂಧದ ಮದುವೆಗಳು ಮುಂದುವರಿದುವು. ಇಪ್ಪತ್ತನಾಲ್ಕು ವರ್ಷದ ಅವಿವಾಹಿತ ನಾಯಿಕೆಯನ್ನು 1935ರ ಹಳ್ಳಿಯಲ್ಲಿ ನಿಲ್ಲಿಸಿದ ಹಸ್ತಪ್ರತಿಯನ್ನು ನಾವು ಓದಿದ್ದೇವೆ. ಅಂಥ ನಾಯಿಕೆ ಆಗ ಇರಲೇ ಸಾಧ್ಯವಿಲ್ಲವೆಂದಲ್ಲ. ಇದ್ದಿದ್ದರೆ ಇಡೀ ಊರು ಆಕೆಯ ಬಗ್ಗೆಯೇ ಮಾತಾಡುತ್ತಿತ್ತು. ಆ ಮಾತು ಕಾದಂಬರಿಯಲ್ಲಿ ಬರಬೇಕು. ವಿಧವೆಯ ಕಥೆಯನ್ನು ಬರೆಯುವವರೂ ಗಮನಿಸಬೇಕಾದುದೊಂದುಂಟು. ಪುನರ್ವಿವಾಹವೆಂಬುದು ಎಲ್ಲ ಸಮಾಜಗಳಿಗೂ ಒಂದೇ ಬಗೆಯ ಪ್ರಶ್ನೆಯಾಗಿರಲಿಲ್ಲ. 'ಉಡಿಕೆ'ಯ ಪದ್ಧತಿಯುಳ್ಳ ಸಮಾಜಗಳಲ್ಲಿ ಅದು ಕ್ರಾಂತಿಯಾಗಿರದೆ ರೂಢಿಯಾಗಿತ್ತು. ಅಲ್ಲಿ ಅಡ್ಡಿಯನ್ನು ಬೇರೆ ಕಡೆ ಹುಡುಕಬೇಕು.

ಹಾದಿ, ಗಾಡಿ, ಕಾಲೇಜುಗಳ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇವೆ. ನಾಯಕನು ನಿಪ್ಪಾಣಿಯ ನಿಲ್ದಾಣದಲ್ಲಿ ರೈಲಿನಿಂದ ಇಳಿಯಲಾರ. ಅಲ್ಲಿಗೆ ರೈಲೇ ಇಲ್ಲ. ಅದು ಪುಣೆ–ಬೆಂಗಳೂರು ಹೆದ್ದಾರಿಯ ಊರು. ಮಿರಜಿನಿಂದ ಬೆಳಗಾವಿಗೆ ಬರುವ ರೈಲುದಾರಿ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳ ಮೇಲೆ ಹಾಯುತ್ತದೆ. 'ಚಿಕ್ಕೋಡಿ ರೋಡ್' ಎಂಬ ನಿಲ್ದಾಣವಿದೆ ನಿಜ. ಅಲ್ಲಿ ಇಳಿದವನಿಗೆ ಚಿಕ್ಕೋಡಿ ಇನ್ನೂ ಸಾಕಷ್ಟು ದೂರವಿರುತ್ತದೆ, ಮತ್ತು ಆ ದೂರದಲ್ಲಿ ಒಂದು ಒಳ್ಳೆಯ ಅಧ್ಯಾಯ ಅಡಗಿರಬಹುದು. ಅಥಣಿ, ಕಾಗವಾಡಗಳು ಕೃಷ್ಣೆಯ ಉತ್ತರಕ್ಕಿವೆ; ರಾಯಬಾಗ, ಚಿಕ್ಕೋಡಿಗಳು ದಕ್ಷಿಣಕ್ಕಿವೆ. ನದಿ ತುಂಬಿದಾಗ ಈ ಎರಡು ದಂಡೆಗಳು ಪರಸ್ಪರ ಎಷ್ಟು ದೂರವಾಗುತ್ತವೆಂಬುದನ್ನು 2005ರ ಹಾಗೂ 2019ರ ಮಹಾಪೂರಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಉಗಾರದ ಸಕ್ಕರೆ ಕಾರ್ಖಾನೆ 1939ರದ್ದು. ಅದಕ್ಕಿಂತ ಹಿಂದಿನ ಕಥೆಯಲ್ಲಿ ಅದರ ಭೋಂಗಾ ಕೂಗಬಾರದು. ಈ ಸೀಮೆಯ ತರುಣನು 1920ರ ದಶಕದಲ್ಲಿ ಕಾಲೇಜಿಗೆ ಹೋಗಿದ್ದರೆ ಕೊಲ್ಹಾಪುರದ ರಾಜಾರಾಮ, 1919ರಲ್ಲಿ ಆರಂಭವಾದ ಸಾಂಗಲಿಯ ವಿಲಿಂಗ್ಡನ್, ಇಲ್ಲವೆ 1917ರ ಧಾರವಾಡದ ಕರ್ನಾಟಕ ಕಾಲೇಜು, ಇವುಗಳನ್ನು ನೆನೆಯಬೇಕು. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಪ್ರಾರಂಭವಾಯಿತು. ಹಂಗಾಮುಗಳನ್ನೂ ಮರೆಯಬಾರದು. ನಿಪ್ಪಾಣಿಯ ಸುತ್ತಣ ತಂಬಾಕು ಮಳೆಗಾಲದಲ್ಲಿ ನೆಟ್ಟು ಚಳಿಗಾಲ ಕಳೆಯುವ ಹೊತ್ತಿಗೆ ಕೊಯ್ಯುವ ಬೆಳೆ. ಚಿಂಚಲಿಯ ಮಾಯಕ್ಕನ ಜಾತ್ರೆ ಮಾಘಮಾಸದ್ದು. ಜಾತ್ರೆಯಲ್ಲಿ ಕಣ್ಣು ಕಲೆತವರು ಎರಡೇ ವಾರಗಳಲ್ಲಿ ಆಷಾಢದ ಮಳೆಯಲ್ಲಿ ನೆನೆದರೆ ಸಂಪಾದಕನು ಅಲ್ಲಿಗೇ ಓದು ನಿಲ್ಲಿಸಿಯಾನು.

ಭಾಷೆಯ ಪ್ರಶ್ನೆ ಇವೆಲ್ಲವುಗಳಿಗಿಂತ ಸೂಕ್ಷ್ಮವಾದುದು. ನಿರೂಪಣೆಯು ಗ್ರಂಥಭಾಷೆಯಲ್ಲಿಯೂ ಸಂಭಾಷಣೆಯು ಆಡುಮಾತಿನಲ್ಲಿಯೂ ಇರುವ ಕ್ರಮವು ಕನ್ನಡ ವಾಚಕನಿಗೆ ರೂಢಿಯಾಗಿದೆ. ಹೊಸ ಲೇಖಕನು ಅದನ್ನೇ ಹಿಡಿಯುವುದು ಕ್ಷೇಮ. ತನ್ನ ಗಂಡು ತಡವಾಗಿ ಬಂದಾಗ "ನೀವು ಯಾವಾಗ ಬಂದಿರಿ? ನಾನು ನಿಮಗಾಗಿ ಕಾಯುತ್ತಾ ಕುಳಿತಿದ್ದೆನು" ಎನ್ನುವ ಹೆಣ್ಣು ಅಥಣಿಯಲ್ಲಿ ಇಲ್ಲ. "ಯಾವಾಗ ಬಂದ್ರಿ? ನಾ ಹಾದಿ ನೋಡ್ಕೋತ ಕುಂತಿದ್ನಿ" ಎಂದರೆ ಬೆಂಗಳೂರಿನವನಿಗೂ ಅರ್ಥವಾಗುತ್ತದೆ, ಮೇಲಾಗಿ ಆ 'ಹಾದಿ ನೋಡುವುದ'ರಲ್ಲಿ ಬಾಗಿಲ ಬಳಿ ನಿಂತ ಆಕೃತಿಯೂ ಕಾಣುತ್ತದೆ. ಇಂಥ ಮಾತುಗಳಿಗೆ ಅಡಿಟಿಪ್ಪಣಿ ಬರೆಯುವ ಚಟವನ್ನು ಬಿಡಬೇಕು. ಅಡಿಟಿಪ್ಪಣಿಯು ನಮ್ಮಂಥವರ ಪ್ರಬಂಧಗಳಿಗೆ ಶೋಭಿಸುತ್ತದೆ. ಪ್ರಣಯದ ಮಧ್ಯದಲ್ಲಿ ಅದು ಅಪಶಕುನ.

ಸಂಬಂಧವಾಚಕಗಳ ವಿಷಯದಲ್ಲಿ ಮಾತ್ರ ಲೇಖಕನು ಮುಂಜಾಗ್ರತೆ ವಹಿಸಬೇಕಾಗುತ್ತದೆ. ವೈನಿ, ಕಾಕಾ, ಕಾಕು, ಮಾಮಾ, ನೆಗೆಣ್ಣಿ ಮೊದಲಾದವು ನಮ್ಮಲ್ಲಿ ದಿನಬಳಕೆಯ ಮಾತುಗಳು. ದಕ್ಷಿಣದ ವಾಚಕನಿಗೆ 'ಮಾಮಾ' ಎಂಬವನು ತಾಯಿಯ ತಮ್ಮನೋ, ಸೋದರತ್ತೆಯ ಗಂಡನೋ ಎಂಬುದು ಒಮ್ಮೆಲೇ ತಿಳಿಯದು. ನಾಯಿಕೆಯನ್ನು ತಾಯಿಯ ತಮ್ಮನಿಗೇ ಕೊಡಬೇಕೆಂದು ಮನೆಯವರು ನಿಶ್ಚಯಿಸಿದ್ದಾರೆನ್ನಿ. ಕಥೆಯೆಲ್ಲವೂ ಆ ಒಂದು ಪದದ ಮೇಲೆ ನಿಂತಿರುತ್ತದೆ. ಇಂಥಲ್ಲಿ ಪದವನ್ನು ಬದಲಿಸದೆ, ಆ ವ್ಯಕ್ತಿ ಮೊದಲು ಕಾಣಿಸಿಕೊಳ್ಳುವ ದೃಶ್ಯದಲ್ಲಿ ಆತನು ಯಾರ ಮಗನೆಂಬುದನ್ನು ಯಾರಾದರೂ ಸಹಜವಾಗಿ ನುಡಿಯುವಂತೆ ಮಾಡಿದರಾಯಿತು. ಅಂತೆಯೇ ಗಂಡನ ಹೆಸರು ಹೇಳುವ ವಿಚಾರ. ಹೆಂಡತಿಯು ಗಂಡನ ಹೆಸರನ್ನು ನೇರವಾಗಿ ಹೇಳದೆ, ಮದುವೆಯಲ್ಲಿ ಹಿರಿಯರು ಒತ್ತಾಯಿಸಿದಾಗ ಒಡಪು ಕಟ್ಟಿ ಹೇಳುವ ಸಂಪ್ರದಾಯ ಕನ್ನಡ ಮನೆಗಳಲ್ಲಿಯೂ ಮರಾಠಿ ಮನೆಗಳಲ್ಲಿಯೂ ಇದೆ. ಅವರು ಅದನ್ನು ಉಖಾಣೆ ಎನ್ನುತ್ತಾರೆ. ಹೆಸರನ್ನು ನಾಲಿಗೆಯ ಮೇಲೆ ತರಲು ನಾಚುವ ಹೆಣ್ಣು ಮೊದಲ ಬಾರಿಗೆ ಹೆಸರು ಹಿಡಿದು ಕರೆಯುವ ಗಳಿಗೆ ಎಷ್ಟು ಬೆಲೆಯುಳ್ಳದ್ದು! ಮೊದಲ ಪುಟದಿಂದಲೇ ನಾಯಕನ ಹೆಸರನ್ನು ಕೂಗುವ ನಾಯಿಕೆಗೆ ಆ ಗಳಿಗೆ ಸಿಗುವುದೇ ಇಲ್ಲ.

ಆಡುಮಾತಿನ ಕಾಗುಣಿತವು ಹಸ್ತಪ್ರತಿಯ ಉದ್ದಕ್ಕೂ ಒಂದೇ ಆಗಿರಬೇಕು. ಒಂದು ಕಡೆ 'ಮನಿ', ಇನ್ನೊಂದು ಕಡೆ 'ಮನೀ', ಮತ್ತೊಂದು ಕಡೆ 'ಮನೆ' ಎಂದಿದ್ದರೆ ಕರಡು ತಿದ್ದುವವನು ಎಲ್ಲವನ್ನೂ 'ಮನೆ' ಎಂದು ತಿದ್ದಿಬಿಡುತ್ತಾನೆ, ಅವನನ್ನು ದೂಷಿಸುವಂತಿಲ್ಲ. ಲೇಖಕನು ತಾನು ಬಳಸಿದ ಆಡುರೂಪಗಳ ಒಂದು ಪದಪಟ್ಟಿಯನ್ನು ಮಾಡಿ, ಇವು ಬೇಕೆಂದೇ ಬರೆದ ರೂಪಗಳೆಂಬ ಸೂಚನೆಯೊಡನೆ ಹಸ್ತಪ್ರತಿಯ ಜೊತೆ ಇಡುವುದು ಒಳ್ಳೆಯದು.

ಇನ್ನು ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಚೊಚ್ಚಲ ಪ್ರಣಯಕಾದಂಬರಿಗಳಲ್ಲಿ ಬಹಳಷ್ಟು ನಡೆದ ಸಂಗತಿಗಳ ಮೇಲೆಯೇ ರಚಿತವಾಗಿರುತ್ತವೆ. ಮಹಾನಗರದಲ್ಲಿ ಇದು ಯಾರಿಗೂ ತಿಳಿಯದೆ ಹೋಗಬಹುದು. ಎರಡು ಸಾವಿರ ಮನೆಗಳ ಊರಿನಲ್ಲಿ ನಾಯಿಕೆ ಯಾರ ಮಗಳೆಂಬುದು ಪುಸ್ತಕ ಬಂದ ವಾರದಲ್ಲಿಯೇ ಎಲ್ಲರಿಗೂ ಗೊತ್ತಾಗುತ್ತದೆ. ಲೇಖಕನಿಗೆ ಅದು ಕೀರ್ತಿಯಾದೀತು. ಆಕೆಗೆ ಅದು ಗಂಡನ ಮನೆಯಲ್ಲಿ ಬಾಳುವೆಯ ಪ್ರಶ್ನೆಯಾದೀತು. ಹೆಸರನ್ನಷ್ಟೇ ಬದಲಿಸಿದರೆ ಸಾಲದು. ಮನೆತನದ ಕಸುಬು, ಮನೆ ಇರುವ ಓಣಿ, ಅಣ್ಣತಮ್ಮಂದಿರ ಸಂಖ್ಯೆ, ಊರಿನವರೆಲ್ಲ ಬಲ್ಲ ಒಂದು ಜಗಳ, ಇಂಥವುಗಳಿಂದಲೇ ಗುರುತು ಸಿಗುವುದು. ನಾವು ಮೇಲೆ ಊರನ್ನು ಅಳಿಸಬಾರದೆಂದುದಕ್ಕೂ ಇದಕ್ಕೂ ವಿರೋಧವಿಲ್ಲ. ಸೀಮೆ ನಿಜವಾಗಿರಲಿ, ಹಳ್ಳಿ ಕಲ್ಪಿತವಾಗಿರಲಿ. ಕೃಷ್ಣೆ ನಿಜವಾಗಿರಲಿ, ದಂಡೆಯ ಮನೆ ಬೇರೆಯಾಗಿರಲಿ. ಇತಿಹಾಸದ ವಿದ್ಯಾರ್ಥಿಗಳಿಗೆ ಜೀವಂತ ವ್ಯಕ್ತಿಗಳ ಹೇಳಿಕೆಗಳನ್ನು ಸಂಗ್ರಹಿಸುವಾಗ ಸಮ್ಮತಿ ಪಡೆಯಿರೆಂದು ಬೋಧಿಸುವ ನಾವು ಕಾದಂಬರಿಕಾರನಿಗೆ ಅದರಿಂದ ವಿನಾಯಿತಿ ಕೊಡಲಾರೆವು. ಮಾನಹಾನಿಯು ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿ ಅಪರಾಧವಾಗಿಯೇ ಉಳಿದಿದೆ. ಆದರೆ ನಮ್ಮ ಕಾಳಜಿ ಕಲಮಿನದಲ್ಲ. ಹಸ್ತಪ್ರತಿಯು ಅಂಚೆಗೆ ಬೀಳುವ ಮುನ್ನವೇ ಈ ತಿದ್ದುಪಡಿ ಆಗಬೇಕು. ಅಚ್ಚಾದ ಮೇಲೆ ಆಕೆಯನ್ನು ಕಾಪಾಡಲು ಯಾವ ತಿದ್ದೋಲೆಯಿಂದಲೂ ಸಾಧ್ಯವಿಲ್ಲ.

ಶುದ್ಧಪ್ರತಿಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕಾಗದದ ಮೇಲೆ ಕೊಡುವುದಾದರೆ ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಅಂತರ ಬಿಟ್ಟು, ಎಡಕ್ಕೆ ತಿದ್ದಲು ಸಾಕಷ್ಟು ಅಂಚಿಟ್ಟು, ಮೊದಲಿನಿಂದ ಕೊನೆಯವರೆಗೆ ಒಂದೇ ಪುಟಸಂಖ್ಯೆಯಲ್ಲಿ ಇರಬೇಕು. ಗಣಕದಲ್ಲಿ ಬೆರಳಚ್ಚು ಮಾಡಿದ ಪ್ರತಿಯನ್ನು ಕೇಳುವವರೇ ಈಗ ಹೆಚ್ಚು. 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೇಕೋ ಯೂನಿಕೋಡಿನಲ್ಲಿ ಬೇಕೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ಅರ್ಕಾವೊತ್ತು ಮತ್ತು ಕೆಲವು ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಪರಿವರ್ತಿಸಿದ ಪ್ರತಿಯನ್ನು ಮತ್ತೊಮ್ಮೆ ಆದ್ಯಂತ ಓದದೆ ಕಳಿಸಕೂಡದು. ಪುಸ್ತಕವು ಸಾಮಾನ್ಯವಾಗಿ 16 ಪುಟಗಳ ಫಾರ್ಮುಗಳಲ್ಲಿ ಅಚ್ಚಾಗುವುದರಿಂದ ಪ್ರಕಾಶಕನು ವೆಚ್ಚವನ್ನು ಲೆಕ್ಕ ಹಾಕುವುದೂ ಆ ಮಾನದಿಂದಲೇ. 192 ಪುಟಗಳೆಂದರೆ ಹನ್ನೆರಡು ಫಾರ್ಮು; 195 ಪುಟಗಳಾದರೆ ಮೂರು ಪುಟಗಳಿಗಾಗಿ ಹದಿಮೂರನೆಯದನ್ನು ತೆರೆಯಬೇಕಾಗುತ್ತದೆ. ಆ ಮೂರು ಪುಟಗಳು ನಾಯಿಕೆಯ ಸೌಂದರ್ಯವರ್ಣನೆಯಲ್ಲಿ ಎಲ್ಲಾದರೂ ಸಿಕ್ಕಾವು.

ಎಲ್ಲಿಗೆ ಕಳಿಸಬೇಕು? ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನೂ, ಬುರ್ಲಿ ಬಿಂದುಮಾಧವರು 1938ರಲ್ಲಿ ಮಿಂಚಿನಬಳ್ಳಿಯನ್ನೂ ಪ್ರಾರಂಭಿಸಿದ ಕಾಲದಲ್ಲಿ ಉತ್ತರ ಕರ್ನಾಟಕದ ಲೇಖಕನಿಗೆ ಹಾದಿ ಸ್ಪಷ್ಟವಾಗಿತ್ತು. ಗ್ರಂಥಮಾಲೆಗೆ ಚಂದಾದಾರರಿದ್ದರು, ಹೊಸ ಲೇಖಕನ ಪುಸ್ತಕವೂ ಹಳಬರ ಪುಸ್ತಕದೊಡನೆ ಅವರ ಮನೆಗೆ ತಲುಪುತ್ತಿತ್ತು. ಈಗ ಪ್ರಕಾಶನದ ಬಹುಭಾಗ ಬೆಂಗಳೂರಿನಲ್ಲಿ ನೆಲೆಸಿದೆ. ಯಾವ ಪ್ರಕಾಶನವನ್ನೇ ಆರಿಸಿಕೊಂಡರೂ ಅದರ ಪುಸ್ತಕಪಟ್ಟಿಯನ್ನು ನೋಡಿ, ಅದರಲ್ಲಿ ಕನಿಷ್ಠ ಎರಡು ಕಾದಂಬರಿಗಳನ್ನು ಓದಿ ಆಮೇಲೆ ಬರೆಯಬೇಕು. ವಿಮರ್ಶಾಗ್ರಂಥಗಳನ್ನಷ್ಟೇ ಹೊರತರುವವರಿಗೆ ಪ್ರಣಯಕಾದಂಬರಿಯನ್ನು ಕಳಿಸಿ ತಿಂಗಳುಗಟ್ಟಲೆ ಕಾಯುವುದು ವ್ಯರ್ಥ. ವಾರಪತ್ರಿಕೆಗಳ ಧಾರಾವಾಹಿಯೂ ಒಂದು ಹಾದಿಯೇ. ನಮ್ಮ ಜನಪ್ರಿಯ ಕಾದಂಬರಿಗಳಲ್ಲಿ ಹಲವು ಮೊದಲು ಬೆಳಕು ಕಂಡದ್ದು ಅಲ್ಲಿಯೇ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಸಹಾಯಧನ ನೀಡುವ ಯೋಜನೆಯನ್ನು ನಡೆಸಿದೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿ ಅರ್ಜಿ ಹಾಕಬೇಕು.

ಜೊತೆಗಿಡುವ ಪತ್ರ ಒಂದು ಪುಟವನ್ನು ಮೀರಬಾರದು. ಕೃತಿಯ ಹೆಸರು, ಪುಟಗಳ ಅಂದಾಜು, ಕಥೆ ನಡೆಯುವ ಕಾಲ ಮತ್ತು ಸೀಮೆ, ಲೇಖಕರ ಪರಿಚಯ ನಾಲ್ಕು ಸಾಲು, ಇಷ್ಟು ಸಾಕು. ಕಥಾಸಾರವನ್ನು ಬೇರೆ ಹಾಳೆಯಲ್ಲಿ ಕೊಡಬೇಕು; ಅದರಲ್ಲಿ ಮುಕ್ತಾಯವನ್ನೂ ಹೇಳಬೇಕು. 'ಮುಂದೇನಾಯಿತೆಂಬುದನ್ನು ಕಾದಂಬರಿಯನ್ನೇ ಓದಿ ತಿಳಿಯಿರಿ' ಎಂದು ವಾಚಕರಿಗೆ ಹೇಳಬಹುದು, ಹಣ ಹಾಕುವವರಿಗೆ ಹೇಳಲಾಗದು. ಗಣ್ಯರಿಂದ ಮುನ್ನುಡಿ ಬರೆಸಿಕೊಂಡೇ ಹಸ್ತಪ್ರತಿಯನ್ನು ಕಳಿಸುವ ರೂಢಿಯೊಂದು ನಮ್ಮಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಅನವಶ್ಯಕ. ಒಂದೇ ಹಸ್ತಪ್ರತಿಯನ್ನು ಇಬ್ಬರಿಗೆ ಏಕಕಾಲಕ್ಕೆ ಕಳಿಸುವುದಾದರೆ ಇಬ್ಬರಿಗೂ ಅದನ್ನು ತಿಳಿಸಬೇಕು. ಒಂದು ಪ್ರತಿಯನ್ನು ತನ್ನಲ್ಲಿ ಉಳಿಸಿಕೊಳ್ಳದೆ ಮೂಲವನ್ನೇ ಕಳಿಸುವುದಂತೂ ಆತ್ಮಘಾತ.

ಒಪ್ಪಿಗೆ ಬಂದ ಸಂತೋಷದಲ್ಲಿ ಕರಾರನ್ನು ಓದದೆ ಸಹಿ ಮಾಡುವವರನ್ನು ಕಂಡಿದ್ದೇವೆ. ಕರಾರೇ ಇಲ್ಲದೆ ಹಸ್ತಪ್ರತಿಯನ್ನು ಒಪ್ಪಿಸಿ ಬಂದವರೂ ಉಂಟು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸ್ವಾಮ್ಯವು ಬರೆದ ಕೂಡಲೇ ಲೇಖಕನಿಗೆ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಅದನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಲಿಖಿತವಾಗಿಯೇ ಆಗಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಗೌರವಧನವೆಷ್ಟು ಎಂಬುದು ಅದರಲ್ಲಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾಯಿದೆಯ 19ನೆಯ ಕಲಮು ಭಾವಿಸಿಕೊಳ್ಳುತ್ತದೆ. ಈ ಸೀಮೆಯ ಲೇಖಕನು ವಿಶೇಷವಾಗಿ ಗಮನಿಸಬೇಕಾದುದು ಅನುವಾದದ ಹಕ್ಕನ್ನು. ನಿಪ್ಪಾಣಿಯ ಪ್ರಣಯಕಥೆಗೆ ಮರಾಠಿಯಲ್ಲಿ ವಾಚಕರು ದೊರೆಯುವ ಸಂಭವ ಇತರ ಕಡೆಗಳ ಕಥೆಗಿಂತ ಹೆಚ್ಚು. ಅಚ್ಚಿನ ಹಕ್ಕಿನೊಡನೆ ಅದನ್ನೂ ಸುಮ್ಮನೆ ಬಿಟ್ಟುಕೊಡಬಾರದು. ಚಲಚ್ಚಿತ್ರದ ಹಕ್ಕು, ಧ್ವನಿಪುಸ್ತಕದ ಹಕ್ಕು, ವಿದ್ಯುನ್ಮಾನ ಪ್ರತಿಯ ಹಕ್ಕು ಇವು ಒಂದೊಂದೂ ಬೇರೆ ಬೇರೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಅವರ 'ಬೆಳ್ಳಿಮೋಡ'ವು ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಲಚ್ಚಿತ್ರವಾಗಿ ತೆರೆ ಕಂಡದ್ದು 1967ರಲ್ಲಿ. ಕೃತಿಯ ಆಯುಷ್ಯ ಕರ್ತೃವಿನ ಆಯುಷ್ಯಕ್ಕಿಂತ ದೀರ್ಘವಾದುದು, ಸ್ವಾಮ್ಯವೂ ಹಾಗೆಯೇ ಲೇಖಕರ ನಿಧನಾನಂತರ 60 ವರ್ಷ ಅವರ ವಾರಸುದಾರರಲ್ಲಿ ಇರುತ್ತದೆ. ಆ ಲೆಕ್ಕದಂತೆ ತ್ರಿವೇಣಿಯವರ ಕಾದಂಬರಿಗಳ ಸ್ವಾಮ್ಯವು 2023ರ ಕೊನೆಗೆ ತೀರಿತು. ಮಿರ್ಜಿ ಅಣ್ಣಾರಾಯರ ಕೃತಿಗಳ ಸ್ವಾಮ್ಯವು 2035ರ ಕೊನೆಯವರೆಗೆ ಇರುತ್ತದೆ. ಅಣ್ಣಾರಾಯರ ಕಾದಂಬರಿಗಳನ್ನು ಮರುಮುದ್ರಿಸುವ ಇಲ್ಲವೆ ಮರಾಠಿಗೆ ತರುವ ಅಪೇಕ್ಷೆಯುಳ್ಳ ನಮ್ಮ ವಿದ್ಯಾರ್ಥಿಗಳು ಅದಕ್ಕಿಂತ ಮೊದಲು ವಾರಸುದಾರರ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು.